ಶಿರೆಯ ಸೆರಗು

ಮಾವ ಕಲ್ಲನ್ನು ನೆಕ್ಕಿ ನೋಡುತ್ತಿದ್ದರು. ಅವರ ಬಗ್ಗೆ ಏನು ಬರೆಯಲು ಕುಳಿತರೂ ನನಗೆ ಮೊದಲು ನೆನಪಾಗುವುದು ಅದೇ. ದಾರಿಯಲ್ಲಿ ಬಿದ್ದದ್ದಾಗಲಿ, ನಾನು ಶಾಲೆಯ ಚೀಲದಲ್ಲಿ ತುಂಬಿಕೊಂಡು ತಂದದ್ದಾಗಲಿ, ಕಲ್ಲೊಂದು ಕೈಗೆ ಬಂದರೆ ಅಂಗಿಯ ತುದಿಯಿಂದ ಒರೆಸಿ, ನಾಲಿಗೆ ತಾಗಿಸಿ, ಒದ್ದೆಯಾದ ಜಾಗವನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಒಣಗಿದ ಕಲ್ಲು ಮುನಿಸಿಕೊಂಡ ಮನುಷ್ಯನ ಹಾಗೆ, ಒದ್ದೆ ಮಾಡಿದರೆ ತಾನಾಗಿ ಬಾಯಿ ಬಿಡುತ್ತದೆ ಎಂದು ಅವರ ವಾದ. ಅಡುಗೆಮನೆಯಿಂದ ಅತ್ತೆಯ ಕೂಗು ಬರುತ್ತಿತ್ತು: "ಉಪ್ಪು ಸರಿ ಇದೆಯಾ? ಸಾಲದಿದ್ರೆ ಹೇಳಿ, ಡಬ್ಬಿ ತರ್ತೀನಿ."

ಮಾವ ಎಂದರೆ ಅಮ್ಮನ ಅಣ್ಣ. ಚಿಕ್ಕಂದಿನಲ್ಲಿ ರಜೆ ಬಂದರೆ ಅವರ ಮನೆ. ಆಮೇಲೆ ಕಾಲೇಜಿಗೆಂದು ಬಂದವಳು ಓದು ಮುಗಿದರೂ ಅಲ್ಲೇ ಉಳಿದೆ. ನಾಲ್ಕು ಜನರೆದುರು ಬಾಯಿ ತೆರೆಯಲು ಬೆವರುವ ನನಗೆ ಆ ಮನೆ ಹೇಳಿ ಮಾಡಿಸಿದಂತಿತ್ತು. ಅಲ್ಲಿ ಮಾತೆಲ್ಲ ಅವರಿಬ್ಬರದೇ. ನಾನು ಕೇಳಿಸಿಕೊಂಡು, ರಾತ್ರಿ ಮಲಗುವ ಮುಂಚೆ ದಿನಚರಿಯಲ್ಲಿ ಗೀಚಿಕೊಂಡರೆ ಮುಗಿಯಿತು.

ಬೇರೆ ಮಕ್ಕಳಿಗೆ ಹಿರಿಯರು ರಾಜಕುಮಾರರ ಕಥೆ ಹೇಳಿದರೆ, ಮಾವ ನನಗೆ ಒಂದು ಗುಡ್ಡದ ಕಥೆ ಹೇಳುತ್ತಿದ್ದರು. ಅವರು ಭೂವಿಜ್ಞಾನ ಇಲಾಖೆಯಲ್ಲಿದ್ದವರು. ಪ್ರಾಯದ ವರ್ಷಗಳನ್ನೆಲ್ಲ ಆ ಗುಡ್ಡದ ಮೇಲೆ ಚಿನ್ನ ಹುಡುಕುತ್ತ ಕಳೆದವರು. ಗುಡ್ಡದ ಬೆನ್ನ ಮೇಲೆ ಬಿಳಿಯ ಬೆಣಚುಕಲ್ಲಿನ ಪಟ್ಟೆಯೊಂದು ಪಕ್ಕೆಲುಬಿನ ಹಾಗೆ ಎದ್ದು ಕಾಣುತ್ತದಂತೆ. ಅದೇ ಶಿರೆ. ಒಂದಾನೊಂದು ಕಾಲದಲ್ಲಿ, ಮನುಷ್ಯರಿರಲಿ, ಮೀನೂ ಹುಟ್ಟದ ಕಾಲದಲ್ಲಿ, ಭೂಮಿಯ ಹೊಟ್ಟೆಯೊಳಗಿನ ಬಿಸಿನೀರು ಬಿರುಕು ಹುಡುಕಿಕೊಂಡು ಮೇಲೇರಿ ಬಂತು. ಬರುವಾಗ ಬೆಣಚನ್ನೂ ಚಿನ್ನವನ್ನೂ ಕರಗಿಸಿ ಹೊತ್ತು ತಂತು. ಬಿರುಕು ಸಡಿಲವಾದಲ್ಲಿ ಹೊರೆ ಇಳಿಸಿತು. ಮತ್ತೆ ಬಿರುಕು, ಮತ್ತೆ ನೀರು, ಮತ್ತೆ ಹೊರೆ.

"ಅಷ್ಟು ದೂರ ಹೊತ್ತು ತಂದು ಯಾಕೆ ಇಳಿಸ್ತು ಮಾವ?"

"ಸುಸ್ತಾಯ್ತು. ನಿಮ್ಮತ್ತೆ ಸಂತೆಯಿಂದ ಬಂದು ಬಾಗಿಲಲ್ಲೇ ಚೀಲ ಇಳಿಸಲ್ವಾ, ಹಾಗೆ."

ಆ ಕಥೆಯಲ್ಲಿ ನನಗೆ ತುಂಬ ಇಷ್ಟವಾದದ್ದು ಚಿನ್ನವಲ್ಲ, ಸೆರಗು. ಆ ಬಿಸಿನೀರು ಬಿರುಕಿನ ಎರಡು ದಡದ ಹಸಿರುಕಲ್ಲನ್ನೂ ಬೇಯಿಸಿ ಬಣ್ಣಗೆಡಿಸುತ್ತದೆ. ಶಿರೆಗೆ ಅಂಟಿಕೊಂಡಲ್ಲಿ ಕಲ್ಲು ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ, ಅದರಲ್ಲಿ ಹಿತ್ತಾಳೆಯಂತೆ ಹೊಳೆವ ಪುಟ್ಟ ಪುಟ್ಟ ಚೌಕಗಳು ಇರುತ್ತವೆ. ಸ್ವಲ್ಪ ಆಚೆ ಹೋದರೆ ಬೂದು. ಇನ್ನೂ ಆಚೆ ಹೋದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹಸಿರು. ಇದಕ್ಕೆ ಪುಸ್ತಕದಲ್ಲಿ ದೊಡ್ಡ ಹೆಸರಿದೆ. ಮಾವ ಮಾತ್ರ ಶಿರೆಯ ಸೆರಗು ಎನ್ನುತ್ತಿದ್ದರು. "ಶಿರೆ ಎಲ್ಲಾದ್ರೂ ಅಡಗಿ ಕೂತ್ಕೊಳ್ಳಲಿ, ಸೆರಗು ಹೊರಗೆ ಬಿಟ್ಟಿರತ್ತೆ. ಎಳೀತಾ ಹೋಗೋದಷ್ಟೇ ನಮ್ಮ ಕೆಲಸ."

ಒಮ್ಮೆ, ನಾನು ಹೈಸ್ಕೂಲಿನಲ್ಲಿದ್ದಾಗ, ನನ್ನನ್ನೂ ಅತ್ತೆಯನ್ನೂ ಆ ಗುಡ್ಡಕ್ಕೆ ಕರೆದೊಯ್ದಿದ್ದರು. ಆಗ ಅವರ ಕಣ್ಣು ಇನ್ನೂ ಚೆನ್ನಾಗಿತ್ತು. ಬಸ್ಸಿಳಿದು ಕುರುಚಲು ಗಿಡಗಳ ನಡುವೆ ನಡೆದೆವು. ಬಿಳಿ ಪಟ್ಟೆಯ ಉದ್ದಕ್ಕೂ ಹಳೆಯ ಕಾಲದವರು ತೋಡಿದ ಹೊಂಡಗಳಿದ್ದವು, ಈಗ ಹುಲ್ಲು ತುಂಬಿದ ಬಟ್ಟಲುಗಳ ಹಾಗೆ. ಅವರು ಕಲ್ಲಿಗೆ ಬೆಂಕಿ ಹಾಕಿ, ಕಾದ ಮೇಲೆ ನೀರು ಸುರಿದು ಸೀಳುತ್ತಿದ್ದರಂತೆ. ಬೆಣಚು ಅರೆದು ಅರೆದು ಬಂಡೆಯಲ್ಲಿ ಗುಳಿ ಬಿದ್ದಿತ್ತು. ಆ ಗುಳಿಯಲ್ಲಿ ನನ್ನ ಮುಷ್ಟಿ ಸರಿಯಾಗಿ ಕೂತಿತು. ಸ್ವಲ್ಪ ಕೆಳಗೆ ಇಟ್ಟಿಗೆಯ ಚಿಮಣಿ. ಹೊರದೇಶದ ಕಂಪನಿಯೊಂದು ಬಾವಿಯಂಥ ಸುರಂಗ ಇಳಿಸಿ, ಕೆಲವು ವರ್ಷ ಅಗೆದು, ಹಳ್ಳದ ಹತ್ತಿರ ಬರುವಾಗ ಶಿರೆ ಥಟ್ಟನೆ ಮಾಯವಾದಾಗ ಬಾಗಿಲು ಹಾಕಿಕೊಂಡು ಹೋಗಿತ್ತು. ಚಿಮಣಿಯ ತುಂಬ ಪಾರಿವಾಳ.

"ಇಲ್ಲಿ ನೋಡು," ಎಂದು ಮಾವ ಹಳ್ಳದ ದಂಡೆಯಲ್ಲಿ ಕೂತು, ಹಾಸಿದ್ದ ಪಟ್ಟೆಪಟ್ಟೆ ಹೊದಿಕೆಯನ್ನು ಎಳೆದುಕೊಂಡರು. ಅದಾಗಲೇ ನಡುವೆ ಹರಿದದ್ದು. ಹರಿದ ಎರಡು ಭಾಗಗಳನ್ನು ಒಂದಕ್ಕೊಂದು ಒತ್ತಿ ಸ್ವಲ್ಪ ಜಾರಿಸಿದರು. ಈಚೆಯ ಕೆಂಪು ಪಟ್ಟೆ ಆಚೆ ಮುಂದುವರಿಯದೆ ತಪ್ಪಿಸಿಕೊಂಡಿತು. "ಭೂಮಿ ಹೀಗೆ ಹರಿದು ಜಾರಿದೆ. ಪಟ್ಟೆ ಎಲ್ಲೂ ಹೋಗಿಲ್ಲ. ಎಡಕ್ಕೆ ಹೋಯ್ತೋ ಬಲಕ್ಕೆ ಹೋಯ್ತೋ, ಅಷ್ಟೇ ಪ್ರಶ್ನೆ. ಕಂಪನಿಯವರು ಎಡಕ್ಕೆ ಹುಡುಕಿದ್ರು. ನಮ್ಮ ಇಲಾಖೆಯಲ್ಲೂ ಎಲ್ಲರೂ ಎಡಕ್ಕೇ ಅಂದ್ರು. ನಾನೊಬ್ಬ ಬಲಕ್ಕೆ ಅಂದೆ."

"ಹರಿದ ಹೊದಿಕೆ ತಂದಿದ್ದು ಇದಕ್ಕೇನಾ? ಹೊಸದು ತೆಗೆದಿಟ್ಟಿದ್ದೆ ನಾನು," ಎಂದರು ಅತ್ತೆ.

ಹಿಂದೆ ಅವರಿಬ್ಬರೂ ವಾಸವಿದ್ದ ಇಲಾಖೆಯ ಕ್ಯಾಂಪಿನ ಜಾಗದಲ್ಲಿ ಅತ್ತೆ ಸಿಮೆಂಟಿನ ನೆಲವೊಂದನ್ನು ಪತ್ತೆ ಹಚ್ಚಿ, ಕಾಲಿನಿಂದ ಎಲೆಗಳನ್ನು ಸರಿಸಿ, "ಇದು ನನ್ನ ಅಡುಗೆಮನೆ. ಇಲ್ಲಿ ಒಲೆ, ಇಲ್ಲಿ ಕಪಾಟು," ಎಂದು ತೋರಿಸಿದ್ದರು. ಅಲ್ಲಿ ಬಿದ್ದಿದ್ದ ಕಲ್ಲುಗಳನ್ನು ಸುಮ್ಮನೆ ಮಾತಾಡುತ್ತಲೇ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿಟ್ಟರು. ಅದು ಅವರ ಕೈಯ ಗುಣ. ಅವರ ಮನೆಯಲ್ಲಿ ಡಬ್ಬಿಗಳು ಎತ್ತರದ ಪ್ರಕಾರ ನಿಲ್ಲುತ್ತವೆ. ಕಪಾಟಿನಿಂದ ನಾನೊಂದು ಪುಸ್ತಕ ತೆಗೆದರೆ, ಓದಿ ಮುಗಿಸುವಷ್ಟರಲ್ಲಿ ಉಳಿದವು ಒತ್ತಾಗಿ ಸರಿದು ಆ ಪುಸ್ತಕಕ್ಕೆ ಜಾಗವೇ ಇರುವುದಿಲ್ಲ.

"ದೊಡ್ಡ ಸಾಹೇಬರು ಬಂದಾಗ ಏನಂದ್ರು ಗೊತ್ತಾ?" ಎಂದು ಅವರು ಅವತ್ತೂ ಶುರು ಮಾಡಿದರು. ಅದು ನನಗೆ ಬಾಯಿಪಾಠ. ಮಾವ ಇಲ್ಲದ ಹೊತ್ತಿನಲ್ಲಿ ಇಲಾಖೆಯ ದೊಡ್ಡ ಸಾಹೇಬರು ತನಿಖೆಗೆ ಬರುತ್ತಾರೆಂದು ಸುದ್ದಿ ಬಂತಂತೆ. ಗಂಡನ ಮಾನ ಹೋಗಬಾರದೆಂದು ಅತ್ತೆ ಸೆರಗು ಸಿಕ್ಕಿಸಿಕೊಂಡು, ಕಲ್ಲುಗಳನ್ನಿಟ್ಟ ಶೆಡ್ಡನ್ನು ತಾವೇ ಗುಡಿಸಿ, ಒರೆಸಿ, ಓರಣ ಮಾಡಿದರಂತೆ. "ಇಂಥ ಶೆಡ್ ನಾನು ಎಲ್ಲೂ ನೋಡಿಲ್ಲಮ್ಮ ಅಂದ್ರು. ಎಲ್ಲರೆದುರು! ಇವರಿಗೆ ಒಂದು ದಿನ ಹಾಗೆ ಅನ್ನೋಕೆ ಬಾಯಿ ಬಂದಿದೆಯಾ ಕೇಳು."

"ಬಾಯಲ್ಲಿ ಕಲ್ಲಿತ್ತಲ್ಲ," ಎಂದರು ಮಾವ.

ಮಾವ ಆಗ ಎಲ್ಲಿ ಹೋಗಿದ್ದರೆಂದರೆ, ನನ್ನನ್ನು ನೋಡಲು. ಹಳ್ಳದಾಚೆ, ಬಲಕ್ಕೆ, ಅವರು ಹಟ ಹಿಡಿದು ಗುರುತು ಹಾಕಿದ ಜಾಗದಲ್ಲಿ ನಾಲ್ಕನೇ ರಂಧ್ರ ಕೊರೆಯುತ್ತಿದ್ದಾಗ ತಂಗಿಗೆ ಹೆರಿಗೆಯಾದ ಸುದ್ದಿ ಬಂದು ಹೊರಟರು. ವಾಪಸ್ಸಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ಬದಲಿಗೆ ರಂಧ್ರದ ಕಲ್ಲನ್ನು ನೋಡಿ ವರದಿ ಬರೆದವನು ಅವರ ಜೊತೆಗಾರ. ಎಲ್ಲ ಕೆಲಸಕ್ಕೂ ಅವಸರ ಮಾಡುತ್ತಿದ್ದುದರಿಂದ ಕ್ಯಾಂಪಿನಲ್ಲಿ ಅವನನ್ನು ಬಿರುಗಾಳಿ ಎನ್ನುತ್ತಿದ್ದರು. 'ಬೆಣಚು ಇಲ್ಲ, ಶಿರೆ ಇಲ್ಲ' ಎಂದು ಬಿರುಗಾಳಿ ಬರೆದ. ದೊಡ್ಡ ಸಾಹೇಬರು ಶೆಡ್ಡನ್ನು ಹೊಗಳಿದರು, ಗುಡ್ಡವನ್ನು ಕೈಬಿಟ್ಟರು. ಕೊರೆಯುವವರು ಅದಾಗಲೇ ಯಂತ್ರ ಬಿಚ್ಚಿಕೊಂಡು ಬೇರೆ ಊರಿಗೆ ಹೋಗಿದ್ದರು. ಉಳಿದವರು ಒಬ್ಬೊಬ್ಬರಾಗಿ ಚದುರಿದರು.

ಮಾವ ಆ ಕಲ್ಲನ್ನು ನೋಡಲೇ ಇಲ್ಲ. ಕೊರೆದು ತೆಗೆದ ಕಲ್ಲನ್ನು ಜೋಡಿಸಿಟ್ಟ ಟ್ರೇಗಳಿಗೆ ಮುಚ್ಚಳ ಹೊಡೆದಾಗಿತ್ತು. ಅವುಗಳ ಮೇಲೆ ಬಿಳಿ ಬಣ್ಣದಲ್ಲಿ ಅಂಕಿ ಬರೆದರು, ಲಾರಿಗೆ ಏರಿಸಿದರು. "ಹೆಣದ ಮುಖ ನೋಡಿ ಏನು ಮಾಡೋದಿತ್ತು?" ಎನ್ನುತ್ತಿದ್ದರು. ನನ್ನ ಹುಟ್ಟುಹಬ್ಬ ಬಂದಾಗಲೆಲ್ಲ ತಲೆ ಸವರಿ, "ನೀನು ಬಂದೆ, ಗುಡ್ಡ ಹೋಯ್ತು. ನಷ್ಟ ಏನಿಲ್ಲ ಬಿಡು," ಎಂದು ನಗುತ್ತಿದ್ದರು. ನಗು ಮುಗಿದ ಮೇಲೆ ಅವರ ಮುಖ ಏನಾಗುತ್ತಿತ್ತು ಎಂಬುದನ್ನು ನಾನು ಸಣ್ಣವಳಿದ್ದಾಗಿನಿಂದ ನೋಡಿದ್ದೇನೆ. ತನ್ನ ಹಟದಿಂದ ಎಲ್ಲರ ಅನ್ನ ಹೋಯಿತು, ತಾನು ಓದಲು ಬಾರದ ಕಲ್ಲನ್ನು ಓದಿದೆನೆಂದು ಜಂಬಪಟ್ಟವನು ಎಂದು ಅವರೊಳಗೆ ಯಾರೋ ಹೇಳುತ್ತಲೇ ಇದ್ದರು. ಆ ಗುಡ್ಡದಿಂದ ಬಂದ ಮೇಲೆ ಇನ್ನೆಂದೂ ಅವರು ಶಿರೆಯೊಂದರ ಬಗ್ಗೆ ಖಚಿತವಾಗಿ 'ಹೀಗೆ' ಅಂದವರಲ್ಲ. 'ಹೀಗಿರಬಹುದು, ಗೊತ್ತಿಲ್ಲಪ್ಪ' ಎನ್ನುತ್ತಲೇ ನಿವೃತ್ತರಾದರು.

ಅದೇ ವಿಷಯ ಓದಿದ ನನಗೆ ಅದೇ ಇಲಾಖೆಯಲ್ಲಿ ಕೆಲಸ ಸಿಕ್ಕಿತು. ಮೊದಲ ಕೆಲವು ತಿಂಗಳು ನಾನು ಮಾತಾಡಿದ್ದಕ್ಕಿಂತ ತಲೆಯಾಡಿಸಿದ್ದೇ ಹೆಚ್ಚು. ಒಂದು ಬೆಳಿಗ್ಗೆ ನಮ್ಮ ವಿಭಾಗದ ಮೇಡಂ ಕರೆದು, ಊರಾಚೆಯ ಹಳೆಯ ಶೆಡ್ಡಿನಲ್ಲಿರುವ ಕಲ್ಲುಗಳನ್ನು ಖಾಲಿ ಮಾಡಬೇಕಾಗಿದೆ ಎಂದರು. ಕೈಬಿಟ್ಟ ಗುಡ್ಡಗಳ ಟ್ರೇಗಳನ್ನೆಲ್ಲ ವಾರದ ಕೊನೆಗೆ ಲಾರಿ ಬಂದು ಒಯ್ಯುತ್ತದೆ. ಹೊಸ ಕಟ್ಟಡದ ತಗ್ಗು ಅಂಗಳಕ್ಕೆ ಆ ಕಲ್ಲನ್ನೇ ಸುರಿಯುತ್ತಾರೆ. ಅದಕ್ಕೂ ಮೊದಲು ಒಂದೊಂದು ಗುಡ್ಡಕ್ಕೂ ಅಲ್ಲಿ ಯಾರು ಯಾರು ಏನು ಹುಡುಕಿದರು, ಯಾಕೆ ಬಿಟ್ಟರು ಎಂದು ಒಂದೊಂದು ಪುಟದ ಚರಿತ್ರೆ ಬರೆದುಕೊಡಬೇಕು.

"ಕಲ್ಲು ತೆಗೆದು ನೋಡ್ಬೇಕಾ ಮೇಡಂ?"

"ಬೇಡ ಅನ್ನಲ್ಲ. ಇಟ್ಕೊಳ್ಳೋಕೆ ಕಾರಣ ಸಿಕ್ಕಿದ್ರೆ ಹೇಳು. ಸಿಗಲ್ಲ. ಸಿಕ್ಕಿದ್ರೆ ಗಟ್ಟಿಯಾಗಿ ಹೇಳು, ನಿನ್ನ ಮಾತು ಈ ಮೇಜು ದಾಟಲ್ಲ."

ಪಟ್ಟಿಯಲ್ಲಿ ಮಾವನ ಗುಡ್ಡವೂ ಇತ್ತು.

ಶೆಡ್ಡಿನ ಕಾವಲಿಗಿದ್ದವರನ್ನು ಎಲ್ಲರೂ ಬೀಗದಣ್ಣ ಎನ್ನುತ್ತಿದ್ದರು. ಸೊಂಟದಲ್ಲಿ ಕೀಲಿಕೈ ಗೊಂಚಲು, ಯಾವ ಬೀಗಕ್ಕೂ ಮೊದಲನೇ ಸಲಕ್ಕೆ ಸರಿಯಾದದ್ದು ಸಿಗುತ್ತಿರಲಿಲ್ಲ. ತಗಡಿನ ಮಾಡಿನ ಕೆಳಗೆ ಚಾವಣಿ ಮುಟ್ಟುವಂತೆ ಟ್ರೇಗಳು. ಮಾವನ ಕೈಬರಹದ ಬಿಳಿ ಅಂಕಿಗಳನ್ನು ನಾನು ದೂರದಿಂದಲೇ ಗುರುತಿಸಿದೆ. ಅವರ ಏಳು ಯಾವಾಗಲೂ ಕುತ್ತಿಗೆ ಬಾಗಿಸಿಕೊಂಡಿರುತ್ತದೆ.

"ನಾಲ್ಕನೇ ರಂಧ್ರದ್ದು ಇಳಿಸಿಕೊಡ್ತೀರಾ ಅಣ್ಣಾ?"

"ಹೇಗಿದ್ರೂ ಲಾರಿಗೆ ಇಳಿಸ್ಲೇಬೇಕಲ್ಲಮ್ಮ. ನೋಡು ನೋಡು. ಚಿನ್ನ ಸಿಕ್ಕಿದ್ರೆ ನನಗೊಂದು ಬೀಗ ಮಾಡಿಸ್ಕೊಡು."

ಕೊರೆಯುವ ಯಂತ್ರ ನೆಲದೊಳಗಿಂದ ಕಲ್ಲನ್ನು ಉದ್ದನೆಯ ಕೋಲಿನ ಹಾಗೆ ಹೊರತೆಗೆಯುತ್ತದೆ. ಅದಕ್ಕೆ ಕೋರ್ ಎನ್ನುತ್ತೇವೆ. ಮುರಿದು ಬಂದ ತುಂಡುಗಳನ್ನು ಟ್ರೇಯ ಸಾಲುಗಳಲ್ಲಿ, ಪುಸ್ತಕದ ಪುಟ ಓದುವ ಕ್ರಮದಲ್ಲೇ, ಮೇಲಿನದು ಮೊದಲು ಕೆಳಗಿನದು ಆಮೇಲೆ ಎಂದು ಇಡುತ್ತಾರೆ. ಪ್ರತಿ ಸಲ ಯಂತ್ರ ಕಲ್ಲನ್ನು ಮೇಲೆತ್ತಿದಾಗ ಆಳವನ್ನು ಬರೆದ ಪುಟ್ಟ ಮರದ ತುಂಡೊಂದನ್ನು ನಡುವೆ ಇಡುತ್ತಾರೆ. ಒಡೆದ ನೆಲದಲ್ಲಿ ಕೆಲವೊಮ್ಮೆ ಕಲ್ಲು ಯಂತ್ರದೊಳಗೇ ತಿರುಗಿ ಅರೆದು ಪುಡಿಯಾಗಿ ನೀರಿನೊಡನೆ ಹರಿದುಹೋಗುತ್ತದೆ. ಆಗ ಟ್ರೇಯಲ್ಲಿ ಅಷ್ಟು ಜಾಗವನ್ನು ಖಾಲಿ ಬಿಡಬೇಕು. ಖಾಲಿ ಜಾಗವೂ ಓದಬೇಕಾದದ್ದೇ; ನಮ್ಮ ಕಸುಬಿನ ಮೊದಲ ಪಾಠ ಅದು.

ಮುಚ್ಚಳಗಳನ್ನು ಒಂದೊಂದಾಗಿ ಎಬ್ಬಿಸಿ, ಸ್ಪಂಜಿನಿಂದ ಕಲ್ಲನ್ನು ಒದ್ದೆ ಮಾಡುತ್ತ ಹೋದೆ. ಹಸಿರು, ಹಸಿರು, ಬರೀ ಹಸಿರು. ಮಧ್ಯಾಹ್ನ ಕಳೆಯಿತು. ಕೊನೆಗೊಂದು ಟ್ರೇಯ ನಡುವಿನ ಸಾಲಿನಲ್ಲಿ ಹಸಿರು ತಿಳಿಯಾಗುತ್ತ ಬೂದಾಯಿತು. ಬೂದಿನ ಮುಂದೆ ತುಕ್ಕು, ಅದರಲ್ಲಿ ಹಿತ್ತಾಳೆಯ ಚೌಕಗಳು. ಇನ್ನೊಂದು ಸಲ ಸ್ಪಂಜು ಒತ್ತಿದೆ. ಆ ತುಕ್ಕಿನ ತುಂಡಿಗೆ ತಾಗಿಕೊಂಡು ಮತ್ತೊಂದು ತುಕ್ಕಿನ ತುಂಡು. ಆಮೇಲೆ ಬೂದು. ಆಮೇಲೆ ಹಸಿರು.

ಎರಡೂ ಕಡೆಯ ಅಂಚು ಇದೆ, ನಡುವಿನ ಬಟ್ಟೆ ಎಲ್ಲಿ?

ಆ ಎರಡು ತುಕ್ಕಿನ ತುಂಡುಗಳನ್ನು ಕೈಗೆತ್ತಿಕೊಂಡೆ. ಒಂದೇ ಕಲ್ಲು ಮುರಿದದ್ದಾದರೆ ಮುರಿದ ಬಾಯಿಗಳು ಹಲ್ಲಿಗೆ ಹಲ್ಲು ಕೂಡುತ್ತವೆ. ಇವು ಕೂಡಲಿಲ್ಲ. ಎರಡರ ತುದಿಯೂ ಸವೆದ ಸೋಪಿನಂತೆ ದುಂಡಗಾಗಿತ್ತು. ಇವುಗಳ ನಡುವೆ ಏನೋ ಅರೆದುಹೋಗಿದೆ. ಹಾಗಿದ್ದರೆ ಖಾಲಿ ಜಾಗ ಎಲ್ಲಿ, ಆಳ ಬರೆದ ಮರದ ತುಂಡುಗಳೆಲ್ಲಿ?

ಅವು ಅಲ್ಲೇ ಇದ್ದವು. ಸಾಲಿನ ಕೊನೆಯಲ್ಲಿ, ಕಲ್ಲನ್ನೆಲ್ಲ ಒತ್ತಿ ಸರಿಸಿದ್ದರಿಂದ ಉಳಿದ ಜಾಗದಲ್ಲಿ, ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಚಿಕ್ಕದು ಮೊದಲು, ಆಮೇಲೆ ದೊಡ್ಡದು, ಆಮೇಲೆ ಅದಕ್ಕಿಂತ ದೊಡ್ಡದು. ಡಬ್ಬಿಗಳ ಹಾಗೆ.

ನಾನು ನೆಲದ ಮೇಲೆ ಕೂತುಬಿಟ್ಟೆ. ಬೀಗದಣ್ಣ, "ಏನಾಯ್ತಮ್ಮ, ಚೇಳಾ?" ಎಂದು ಓಡಿಬಂದರು.

"ಇಲ್ಲ ಅಣ್ಣ. ನೀರು ಕೊಡ್ತೀರಾ?"

ಮರದ ತುಂಡುಗಳ ಮೇಲಿನ ಆಳಕ್ಕೂ ಟ್ರೇಯಲ್ಲಿದ್ದ ಕಲ್ಲಿನ ಉದ್ದಕ್ಕೂ ತಾಳೆ ನೋಡಿದೆ. ನನ್ನ ಮೊಣಕೈಯಿಂದ ಬೆರಳ ತುದಿಯಷ್ಟು ಕಲ್ಲು ಕಡಿಮೆ ಇತ್ತು. ಅಷ್ಟು ದಪ್ಪದ ಶಿರೆ ಮಾವ ಹೇಳಿದ ಜಾಗದಲ್ಲೇ, ಹಳ್ಳದಾಚೆ ಬಲಕ್ಕೆ, ಇತ್ತು. ಒಡೆದ ಬೆಣಚು ಯಂತ್ರದಲ್ಲಿ ಹಿಟ್ಟಾಗಿ ಹರಿದುಹೋಯಿತು. ಕೊರೆದವರು ನಿಯಮದಂತೆ ಜಾಗ ಬಿಟ್ಟು ಹೋದರು. ದೊಡ್ಡ ಸಾಹೇಬರು ಬರುತ್ತಾರೆಂದು ಅತ್ತೆ ಓರಣ ಮಾಡಿದರು. ಒತ್ತಾಗಿ ಕೂತ ಕಲ್ಲನ್ನು ನೋಡಿ, ಬಿಳಿ ಕಾಣದೆ, ಬಿರುಗಾಳಿ ಬರೆದುಬಿಟ್ಟ.

ಆ ಸಂಜೆ ಊಟದ ಹೊತ್ತಿಗೆ ನಾನು ಬಾಯಿ ಬಿಡಲು ನೋಡಿದೆ. ಹೇಳಿದರೆ ಮಾವನಿಗೆ ಅವರ ಗುಡ್ಡ ವಾಪಸ್ಸು ಸಿಗುತ್ತದೆ. ಅತ್ತೆಯ ಕೈಯಿಂದ ಅವರ ಒಂದೇ ಒಂದು ಹೊಗಳಿಕೆ ಹೋಗುತ್ತದೆ, ಹೋಗುವಾಗ ಏನನ್ನು ಬಿಟ್ಟುಹೋಗುತ್ತದೋ ಗೊತ್ತಿಲ್ಲ. ಹೇಳದಿದ್ದರೆ ಲಾರಿ ಬರುತ್ತದೆ.

"ಅತ್ತೆ, ಆ ದೊಡ್ಡ ಸಾಹೇಬರು ಬಂದಾಗ..."

"ಕೇಳೇ ಇಲ್ವಾ ನೀನು?" ಅವರ ಮುಖ ದೀಪ ಹಚ್ಚಿದಂತಾಯಿತು. ಗುಡಿಸಿದ್ದು, ಒರೆಸಿದ್ದು, "ಇಂಥ ಶೆಡ್ ಎಲ್ಲೂ ನೋಡಿಲ್ಲಮ್ಮ" ಎಂದದ್ದು, ಪೂರ್ತಿ ಹೇಳಿದರು. ನಾನು ತಟ್ಟೆ ನೋಡುತ್ತ ಕೂತೆ. ಮಾವ ನನ್ನ ಕಡೆ ಮುಖ ಮಾಡಿ, "ಇವತ್ತು ಎಲ್ಲಿ ಹೋಗಿದ್ದೆ? ನಿನ್ನ ಕೂದಲಿಂದ ಕಲ್ಲಿನ ಧೂಳಿನ ವಾಸನೆ ಬರ್ತಿದೆ," ಎಂದರು.

ಮರುದಿನ ಅತ್ತೆ ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದಾಗ ಮಾವನ ಕುರ್ಚಿಯ ಪಕ್ಕ ಕೂತು ಶೆಡ್ಡಿನ ವಿಷಯ ಹೇಳಿದೆ. ಲಾರಿಯ ವಿಷಯವನ್ನೂ ಹೇಳಿದೆ.

"ಹೋಗ್ಲಿ ಬಿಡು. ಅಂಗಳಕ್ಕಾದ್ರೂ ಉಪಯೋಗ ಆಗತ್ತೆ."

"ಒಂದ್ಸಲ ಬಂದು ನೋಡಿ ಮಾವ."

"ನನಗೆ ಈಗ ನಿನ್ನ ಮುಖವೇ ಮೋಡದ ಹಾಗೆ ಕಾಣತ್ತೆ. ಕಲ್ಲು ಏನು ನೋಡ್ಲಿ? ಆಗ ನೋಡದೇ ಇದ್ದದ್ದನ್ನ ಈಗ ನೋಡಬೇಕಾ?"

"ಸೆರಗು ಇದೆ ಮಾವ," ಎಂದೆ. ದನಿ ಹೊರಡಲಿಲ್ಲ. ಮೇಡಂ ಮಾತು ನೆನಪಾಗಿ ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದೆ. "ಎರಡೂ ಕಡೆ ಇದೆ."

ಅವರು ಕುರ್ಚಿಯ ಕೆಳಗೆ ಕಾಲಾಡಿಸಿ ಚಪ್ಪಲಿ ಹುಡುಕತೊಡಗಿದರು.

ಅತ್ತೆಯನ್ನು ಬಿಟ್ಟುಹೋಗಲು ಎಷ್ಟು ನೆಪ ಹೇಳಿದರೂ ನಡೆಯಲಿಲ್ಲ. "ಮನೆ ಮೆಟ್ಟಿಲೇ ಕಾಣಲ್ಲ ಇವರಿಗೆ. ಅಲ್ಲಿ ಎಡವಿ ಬಿದ್ದು ಅದನ್ನೂ ನೆಕ್ಕಿ ನೋಡ್ತಾರೆ," ಎಂದು ತಾವೂ ಹೊರಟರು.

ಶೆಡ್ಡಿನಲ್ಲಿ ನಾನು ಆ ಎರಡು ತುಂಡುಗಳನ್ನು ಮೊದಲಿನಂತೆ ದೂರ ಸರಿಸಿ, ನಡುವೆ ಮೊಣಕೈಯಷ್ಟು ಜಾಗ ಬಿಟ್ಟಿದ್ದೆ. ಮರದ ತುಂಡುಗಳನ್ನು ಮುಟ್ಟಿರಲಿಲ್ಲ. ಮುಟ್ಟಿದರೆ ಅದು ಬೇರೆ ಥರದ ಸುಳ್ಳಾಗುತ್ತಿತ್ತು. ಅತ್ತೆ ಬಾಗಿಲಲ್ಲೇ ನಿಂತು ಬೀಗದಣ್ಣನಿಗೆ ಧೂಳಿನ ಬಗ್ಗೆ ಪಾಠ ಶುರು ಮಾಡಿದರು. "ನಾನಿದ್ದಾಗ ಕ್ಯಾಂಪಿನ ಶೆಡ್ ಹೇಗಿತ್ತು ಗೊತ್ತೇನಪ್ಪ?" ಬೀಗದಣ್ಣ ಹೂಂಗುಟ್ಟುತ್ತಿದ್ದರು.

ಮಾವನ ಬೆರಳುಗಳನ್ನು ಹಿಡಿದು ಸಾಲಿನ ಮೇಲೆ ಇಟ್ಟೆ. ಅಲ್ಲಿಂದ ಮುಂದೆ ನನ್ನ ಸಹಾಯ ಬೇಕಾಗಲಿಲ್ಲ. ಉಗುರಿನಿಂದ ಗೀರಿದರು, ಬಾಗಿ ನಾಲಿಗೆ ತಾಗಿಸಿದರು, ಮೂಗಿಗೆ ತಾಗುವಷ್ಟು ಕಣ್ಣಿನ ಹತ್ತಿರ ಹಿಡಿದರು.

"ಹಸಿರು... ಇಲ್ಲಿ ಮೆತ್ತಗಾಯ್ತು. ಬೂದಾ?"

"ಹೂಂ."

"ಇದು ತುಕ್ಕು. ಚೌಕ ಕೈಗೆ ಸಿಗ್ತಿದೆ." ಬೆರಳು ತುಂಡಿನ ತುದಿಗೆ ಬಂತು, ದುಂಡಗಾದ ಬಾಯಿಯ ಸುತ್ತ ಎರಡು ಸಲ ಸುತ್ತಿತು. "ತಿರುಗಿದೆ. ಒಳಗೇ ತಿರುಗಿದೆ ಕಣೇ ಇದು." ಖಾಲಿ ಜಾಗದಲ್ಲಿ ಅಂಗೈ ಇಟ್ಟರು. ಆ ಕಡೆಯ ತುಂಡನ್ನು ತಡವಿದರು. "ಇತ್ತು," ಎಂದರು. ಸ್ವಲ್ಪ ಬಿಟ್ಟು ಮತ್ತೆ, "ಇತ್ತಲ್ಲೇ."

'ಇರಬಹುದು' ಎನ್ನಲಿಲ್ಲ. ಅದನ್ನು ಕೇಳಿಸಿಕೊಂಡೆ.

"ಮರದ ಬ್ಲಾಕ್ ಎಲ್ಲಿ? ಆಳ ಬರೆದದ್ದು?"

ಅವರ ಬೆರಳುಗಳು ತಾವೇ ಸಾಲಿನ ಕೊನೆಗೆ ಹೋದವು. ಮೊದಲ ಮರದ ತುಂಡು, ಎರಡನೆಯದು, ಮೂರನೆಯದು, ಮೆಟ್ಟಿಲು ಹತ್ತುವ ಹಾಗೆ. ಕೊನೆಯದರ ಮೇಲೆ ನಿಂತುಬಿಟ್ಟವು. ಬಾಗಿಲ ಕಡೆಯಿಂದ ಅತ್ತೆಯ ದನಿ: "ಎಲ್ಲರೆದುರು ಅಂದ್ರು, ಇಂಥ ಶೆಡ್..."

ಮಾವ ತಲೆಯೆತ್ತಿ ಆ ದನಿಯ ಕಡೆ ಮುಖ ಮಾಡಿದರು. ಅವರು ಸಿಟ್ಟಾಗುತ್ತಾರೆಂದುಕೊಂಡೆ, ಅಳುತ್ತಾರೆಂದುಕೊಂಡೆ. ಮೂಗಿನಿಂದ ಒಂದು ಸಣ್ಣ ಗಾಳಿ ಹೊರಬಂತು, ನಗುವೋ ನಿಟ್ಟುಸಿರೋ ಗೊತ್ತಾಗಲಿಲ್ಲ.

"ನಿನ್ನೆ ಊಟ ಮಾಡುವಾಗ ನಿನಗೆ ಗೊತ್ತಿತ್ತಾ?" ಎಂದು ಮೆಲ್ಲಗೆ ಕೇಳಿದರು.

"ಹೂಂ."

"ಅದಕ್ಕೇ ಅನ್ನ ಇಳೀಲಿಲ್ಲ ನಿನಗೆ."

ಅಷ್ಟರಲ್ಲಿ ಅತ್ತೆ ಬಂದರು. "ಏನು, ಇಬ್ಬರೂ ಸದ್ದಿಲ್ಲ?"

"ಶಿರೆ ಸಿಕ್ತು ಕಣೇ," ಎಂದರು ಮಾವ. "ನಾನು ಹೇಳಿದ ಕಡೆನೇ ಇತ್ತು. ಯಂತ್ರ ಪುಡಿ ಮಾಡಿಬಿಟ್ಟಿತ್ತು."

ಅತ್ತೆ ಎರಡು ಕೈಯಿಂದ ಬಾಯಿ ಮುಚ್ಚಿಕೊಂಡರು. ಅಷ್ಟು ವರ್ಷ ಗಂಡನ ಕಲ್ಲುಗಳನ್ನು ಗೇಲಿ ಮಾಡಿದ ಹೆಂಗಸು ಟ್ರೇಯ ಪಕ್ಕ ಕುಕ್ಕರಿಸಿ ಕೂತು ಗಳಗಳನೆ ಅತ್ತುಬಿಟ್ಟರು. "ಹೇಳ್ತಿರ್ಲಿಲ್ವಾ ನಾನು? ಇವರು ಹೇಳಿದ್ದು ತಪ್ಪಾಗಲ್ಲ ಅಂತ?" ಹಾಗೆ ಅವರು ಒಮ್ಮೆಯೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಕಣ್ಣೊರೆಸಿಕೊಂಡು, "ಮತ್ತೆ ಆಗ ಯಾಕೆ ಯಾರಿಗೂ ಕಾಣಲಿಲ್ಲ?" ಎಂದರು.

"ನಾನು ನೋಡಲಿಲ್ವಲ್ಲ," ಎಂದರು ಮಾವ. "ಒಂದು ಮುಚ್ಚಳ ಎಬ್ಬಿಸಿದ್ರೆ ಅವತ್ತೇ ಕಾಣ್ತಿತ್ತು. ಜಂಬ. ಕೈಯಲ್ಲಿ ಬ್ರಷ್ ಹಿಡ್ಕೊಂಡು ಮೇಲೆ ಅಂಕಿ ಬರೆದೆ, ಒಳಗೆ ನೋಡಲಿಲ್ಲ. ಇನ್ನೊಬ್ಬರನ್ನ ಅಂದು ಏನು ಮಾಡೋದು?"

ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಅತ್ತೆ ತಲೆಯಾಡಿಸುತ್ತ, ಟ್ರೇಯ ಅಂಚಿನ ಧೂಳನ್ನು ಸೆರಗಿನ ತುದಿಯಿಂದ ಒರೆಸಿದರು. ಒರೆಸುತ್ತ ಅವರ ಕೈ ತನ್ನಷ್ಟಕ್ಕೆ ಸಾಲಿನೊಳಗೆ ಹೋಯಿತು. ತುಕ್ಕಿನ ತುಂಡನ್ನು ಹಿಡಿದು, ಖಾಲಿ ಜಾಗದ ಕಡೆಗೆ, ಒತ್ತಾಗಿ ಕೂರಿಸಲು, ಸರಿಸತೊಡಗಿತು.

ಮಾವ ಆ ಜಾಗದಲ್ಲಿ ತಮ್ಮ ಕೈಯನ್ನು ಇಟ್ಟರು. "ಅಲ್ಲಿ ಬೇಡ," ಎಂದರು ಮೆತ್ತಗೆ. "ಅದು ಹಾಗೇ ಇರಲಿ."

ಅತ್ತೆಯ ಕೈ ನಿಂತಿತು. ಗಂಡನ ಕೈಯನ್ನು ನೋಡಿದರು, ಆ ಕೈ ತುಂಬಿದ್ದ ಜಾಗವನ್ನು ನೋಡಿದರು. ಆಮೇಲೆ ಅವರ ಕಣ್ಣು ಸಾಲಿನ ಕೊನೆಗೆ, ಚಿಕ್ಕದರಿಂದ ದೊಡ್ಡದಕ್ಕೆ ನಿಂತ ಮರದ ತುಂಡುಗಳಿಗೆ ಹೋಯಿತು. ಮಾಡಿನ ಮೇಲೆ ಯಾವುದೋ ಹಕ್ಕಿ ತಗಡು ಗೀರುತ್ತ ನಡೆಯುತ್ತಿತ್ತು. ಅತ್ತೆ ತಮ್ಮ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡರು.

ನಾನು ಬರೆದ ಚರಿತ್ರೆ ಒಂದು ಪುಟ ಮೀರಿತು. ಹಳೆಯ ಕಾಲದವರ ಬೆಂಕಿ, ಕಂಪನಿಯ ಚಿಮಣಿ, ಹಳ್ಳದ ಬಳಿ ಜಾರಿದ ನೆಲ, ನಾಲ್ಕು ರಂಧ್ರ. ಕೊನೆಗೆ, ನಾಲ್ಕನೆಯದರಲ್ಲಿ ಶಿರೆ ಸಿಕ್ಕಿತ್ತು, ಕೋರ್ ಅರೆದುಹೋಗಿತ್ತು, ಉಳಿದ ತುಂಡುಗಳು ನಿರ್ವಹಣೆಯಲ್ಲಿ ಸ್ಥಳಾಂತರವಾಗಿದ್ದವು, ಅದರ ಪಕ್ಕ ಇನ್ನೊಂದು ರಂಧ್ರ ಕೊರೆಯಬೇಕು. ಮೇಡಂ ಓದಿದರು. "ನಿರ್ವಹಣೆ ಅಂದ್ರೆ? ಯಾರು ಮಾಡಿದ್ದು?"

"ಕ್ಯಾಂಪಿನವರು ಮೇಡಂ," ಎಂದೆ. ಮೇಜು ದಾಟುವಂತೆಯೇ ಹೇಳಿದೆ.

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ ಸಹಿ ಹಾಕಿದರು. ಲಾರಿ ಬಂದು ಬೇರೆ ಗುಡ್ಡಗಳನ್ನು ಒಯ್ದಿತು; ನಮ್ಮದು ಉಳಿಯಿತು. ಅಲ್ಲಿ ಚಿನ್ನ ಇದೆಯೋ ಇಲ್ಲವೋ ಕೊರೆಯುವವರೆಗೆ ಯಾರಿಗೂ ತಿಳಿಯದು. ಮಾವ ಅದನ್ನು ಕೇಳುವುದೂ ಇಲ್ಲ.

ಅತ್ತೆ ಮಾತ್ರ ದೊಡ್ಡ ಸಾಹೇಬರ ಕಥೆಯನ್ನು ನಿಲ್ಲಿಸಿಬಿಟ್ಟರು. ಮನೆಗೆ ಬಂದವರ ನಡುವೆ ಕ್ಯಾಂಪಿನ ಮಾತು ಎದ್ದರೆ, ಕಾಫಿ ತರುತ್ತೇನೆಂದು ಎದ್ದುಹೋಗುತ್ತಿದ್ದರು. ಕಪಾಟಿನಲ್ಲಿ ನಾನು ಪುಸ್ತಕ ತೆಗೆದ ಜಾಗ ಹಾಗೆಯೇ ಇರುತ್ತಿತ್ತು. ಹಾಗೆ ಕೆಲವು ವಾರ ಕಳೆಯಿತು.

ಕಳೆದ ಭಾನುವಾರ ಅಮ್ಮ ಬಂದಿದ್ದಳು. ಮಾತು ಎಲ್ಲೆಲ್ಲೋ ತಿರುಗಿ ಗುಡ್ಡಕ್ಕೆ ಬಂತು. ಅತ್ತೆ ಲೋಟಗಳನ್ನು ಎತ್ತಿಕೊಂಡು ಒಳಗೆ ಹೊರಟರು. ಮಾವ ತಮ್ಮ ಮೋಡಗಟ್ಟಿದ ಕಣ್ಣುಗಳನ್ನು ಅಡುಗೆಮನೆಯ ಕಡೆಗೆ ತಿರುಗಿಸಿ, ಒಳಗೆ ಕೇಳುವಷ್ಟು ಗಟ್ಟಿಯಾಗಿ ಶುರು ಮಾಡಿದರು.

"ನಮ್ಮ ಶೆಡ್ ಹೇಗಿತ್ತು ಗೊತ್ತಾ ನಿನಗೆ? ದೊಡ್ಡ ಸಾಹೇಬರು ಬಂದಾಗ ಇವಳು ಒಬ್ಬಳೇ ಗುಡಿಸಿ ಒರೆಸಿ ಇಟ್ಟಿದ್ದಳು. ಎಲ್ಲರೆದುರು ಅವರು ಏನಂದ್ರು ಅಂದ್ರೆ..."

ಒಳಗೆ ಲೋಟ ತೊಳೆಯುವ ಸದ್ದು ನಿಂತಿತ್ತು.